ಹಲ್ಲುಮೇಸ್ತ್ರಿಯ ಯುದ್ಧವಿಮಾನ

ಹಲ್ಲುಮೇಸ್ತ್ರಿ ಹಲ್ಲು ಕೀಳುವವನಲ್ಲ, ಕಟ್ಟುವವನು. ಕೀಳುವ ಕೆಲಸ ಡಾಕ್ಟರುಗಳದು. ಕಿತ್ತಾದ ಮೇಲೆ ಅವರು ಖಾಲಿ ಬಾಯಿಯ ಅಚ್ಚು ತೆಗೆದು ಇವನಿಗೆ ಕಳಿಸುತ್ತಿದ್ದರು. ಇವನು ಅದಕ್ಕೆ ಗಾರೆ ಹೊಯ್ದು ದವಡೆಯ ಎರಕ ತೆಗೆದು, ಅದರ ಮೇಲೆ ಗುಲಾಬಿ ಬಣ್ಣದ ಒಸಡು ಕೂರಿಸಿ, ಒಸಡಿಗೆ ಸಾಲಾಗಿ ಹಲ್ಲು ನೆಟ್ಟು, ಉಜ್ಜಿ ಹೊಳಪು ಕೊಟ್ಟು, ಕಟ್ಟುಹಲ್ಲಿನ ಸೆಟ್ಟು ಮಾಡಿ ವಾಪಸು ಕಳಿಸುತ್ತಿದ್ದ. ಮನೆಯ ಮುಂದಿನ ಕೋಣೆಯೇ ಅವನ ಕಾರ್ಖಾನೆ. ಗೋಡೆಯುದ್ದಕ್ಕೂ ಹಲಗೆಗಳು, ಹಲಗೆಗಳ ಮೇಲೆ ಊರವರ ದವಡೆಗಳು. ಮೊದಲ ಸಲ ಬಂದವರು ಬಾಗಿಲಲ್ಲೇ ನಿಂತುಬಿಡುತ್ತಿದ್ದರು. ಅಷ್ಟೊಂದು ಬಾಯಿಗಳು ಒಟ್ಟಿಗೆ ತಮ್ಮನ್ನು ನೋಡಿ ಹಲ್ಲು ಕಿರಿದದ್ದನ್ನು ಅವರು ಬೇರೆಲ್ಲೂ ಕಂಡಿರುತ್ತಿರಲಿಲ್ಲ.

ಅವನ ಹೆಂಡತಿ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವವಳು. ಸದ್ದು ಹೋಗದ ಒಂದು ಸಣ್ಣ ಕೋಣೆಯಲ್ಲಿ ಜನರನ್ನು ಕೂರಿಸಿ, ಕಿವಿಗೆ ಹೆಡ್‌ಫೋನಿನ ಬಟ್ಟಲು ಹಾಕಿ, 'ಕೇಳಿಸಿದಾಗ ಕೈ ಎತ್ತಿ' ಎನ್ನುವುದು ಅವಳ ದಿನಚರಿ. ಹೀಗೆ ಆ ಮನೆಯಲ್ಲಿ ಹಲ್ಲು ಗಂಡನ ಪಾಲಿಗೆ ಬಂದಿತ್ತು, ಕಿವಿ ಹೆಂಡತಿಯ ಪಾಲಿಗೆ. ಮೂಗು ಮಾತ್ರ ಅತ್ತೆಯದು. ಮಗಳ ಮನೆಯಲ್ಲೇ ಇದ್ದ ಆ ಹಿರಿಯಾಕೆ ಅದನ್ನು ತೂರಿಸದ ಜಾಗ ಇರಲಿಲ್ಲ. ಅಳಿಯನ ಮೇಲೆ ಆಕೆಗೆ ಕೋಪವೇನೂ ಇಲ್ಲ. ಹಲ್ಲೆಲ್ಲ ಉದುರಿದ ಮೇಲೆ ಅವನೇ ಅಕ್ಕರೆಯಿಂದ ಸೆಟ್ಟು ಮಾಡಿಕೊಟ್ಟಿದ್ದ. "ನಮ್ಮ ಅಳಿಯ ಬಾಯಿಗೆ ಬಾಯಿ ಕೊಡೋನಲ್ಲ, ಬಾಯಿಗೆ ಹಲ್ಲು ಕೊಡೋನು" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಕೊಟ್ಟ ಹಲ್ಲಿನಿಂದಲೇ ಅವನನ್ನು ಬೇಕಾದಷ್ಟು ಬೈಯುತ್ತಲೂ ಇದ್ದರು.

ಇಂಥ ಮನುಷ್ಯನಿಗೆ ಯುದ್ಧವಿಮಾನದ ಹುಚ್ಚು ಹತ್ತಿದ್ದು ಒಬ್ಬ ಗಿರಾಕಿಯಿಂದ. ಗಡಿಯಾರ ರಿಪೇರಿಯ ಮುದುಕನೊಬ್ಬ ಸೆಟ್ಟು ತೆಗೆದುಕೊಳ್ಳಲು ಬರಲೇ ಇಲ್ಲವೆಂದು ಇವನೇ ಅವನ ಮನೆಗೆ ಒಯ್ದುಕೊಟ್ಟ. ಮುದುಕ ಕೋಣೆಯ ತುಂಬ ಹಗುರ ಮರದ ಪಟ್ಟಿಗಳನ್ನು ಹರಡಿಕೊಂಡು ವಿಮಾನದ ರೆಕ್ಕೆ ಕಟ್ಟುತ್ತ ಕೂತಿದ್ದ. ಎರಡು ಕೈಯೂ ಗೋಂದಿನಲ್ಲಿ. "ಬಂದ್ರಾ, ಒಳ್ಳೇದಾಯ್ತು. ಆ ಹಲ್ಲು ಬಾಯಿಗೆ ಹಾಕಿ, ಈ ಪಟ್ಟೀನ ಕಚ್ಚಿಕೊಳ್ತೀನಿ" ಎಂದ. ಹಾಕಿದ. ಮುದುಕ ಹೊಸ ಹಲ್ಲಿನಲ್ಲಿ ಪಟ್ಟಿ ಕಚ್ಚಿ ಹಿಡಿದು, ಕಣ್ಣಲ್ಲೇ 'ಆ ಕಡೆ ತುದಿ ನೀವು ಹಿಡೀರಿ' ಎಂದು ಸನ್ನೆ ಮಾಡಿದ. ಹಲ್ಲುಮೇಸ್ತ್ರಿ ಹಿಡಿದ. ಬಿಟ್ಟಿದ್ದು ಗೋಂದು ಒಣಗಿದ ಮೇಲೆ, ಅಂದರೆ ಸಂಜೆಗೆ. ಮನೆಗೆ ಬರುವಾಗ ಅವನ ಕಂಕುಳಲ್ಲಿ ಒಂದು ಕಟ್ಟು ಮರದ ಪಟ್ಟಿ ಇತ್ತು. ಅಲ್ಲಿಗೆ ಕಥೆ ಮುಗಿಯಿತು, ಅಥವಾ ಶುರುವಾಯಿತು.

ಮೊದಲು ಮಾಡಿದ ಚಿಕ್ಕಪುಟ್ಟ ವಿಮಾನಗಳೆಲ್ಲ ಬಿದ್ದು ಪುಡಿಯಾದವು. ಅದು ಎಲ್ಲರದೂ ಆಗುತ್ತದೆ. ಆಮೇಲೆ ದೊಡ್ಡದಕ್ಕೆ ಕೈ ಹಾಕಿದ. ಮಹಾಯುದ್ಧದ ಕಾಲದ ಫೈಟರ್ ವಿಮಾನದ ಮಾದರಿ. ರೆಕ್ಕೆಯ ಈ ತುದಿಯಿಂದ ಆ ತುದಿಗೆ ಅವನಿಗಿಂತ ಉದ್ದ. ಮೈಗೆ ಹಸಿರು ಕಂದು ಮರೆಬಣ್ಣ, ರೆಕ್ಕೆಯಲ್ಲಿ ಹುಸಿ ತುಪಾಕಿಗಳು, ಗುಂಡು ತಾಗಿದಂತೆ ಅಲ್ಲಲ್ಲಿ ಬಳಿದ ಕಲೆಗಳು. ಊರಿನ ವಿಮಾನ ಹಾರಿಸುವ ಕ್ಲಬ್ಬಿನವರು ನೋಡಲು ಬಂದಾಗ ಎಲ್ಲರ ಕಣ್ಣೂ ಬಿದ್ದದ್ದು ಒಳಗೆ ಕೂತ ಪೈಲಟ್ ಗೊಂಬೆಯ ಮೇಲೆ. ಗೊಂಬೆ ನಗುತ್ತಿತ್ತು, ನಕ್ಕ ಬಾಯಲ್ಲಿ ಪೂರ್ತಿ ಹಲ್ಲಿದ್ದವು. ಅಕ್ಕಿಕಾಳಿಗಿಂತ ಸಣ್ಣ ಹಲ್ಲುಗಳು, ಒಂದೊಂದನ್ನೂ ಕೆತ್ತಿ ಕೂರಿಸಿದ್ದು.

"ಯುದ್ಧಕ್ಕೆ ಹೋಗೋನು ಹೀಗೆ ನಗ್ತಾನಾ?" ಎಂದ ಕ್ಲಬ್ಬಿನ ಅಧ್ಯಕ್ಷ.

"ಅವನ ಹಲ್ಲು ಗಟ್ಟಿ ಇದಾವೆ, ನಗ್ತಾನೆ," ಎಂದ ಹಲ್ಲುಮೇಸ್ತ್ರಿ.

ಅಧ್ಯಕ್ಷನನ್ನು ಎಲ್ಲರೂ ಕ್ಯಾಪ್ಟನ್ ಎನ್ನುತ್ತಿದ್ದರು. ವಿಮಾನಕ್ಕೂ ಸೈನ್ಯಕ್ಕೂ ಆ ಹೆಸರಿಗೂ ಸಂಬಂಧವಿರಲಿಲ್ಲ. ಬಣ್ಣದಂಗಡಿಯ ಮಾಲೀಕನಾದ ಅವನು ಹರೆಯದಲ್ಲಿ ವಾಲಿಬಾಲ್ ತಂಡದ ಕ್ಯಾಪ್ಟನ್ ಆಗಿದ್ದ. ತಂಡ ಹೋಯಿತು, ಪದವಿ ಉಳಿಯಿತು, ಪದವಿಯ ಜೊತೆಗೆ ಅಪ್ಪಣೆ ಕೊಡುವ ದನಿಯೂ ಉಳಿಯಿತು. ಕ್ಯಾಪ್ಟನ್ನನ ಸಿದ್ಧಾಂತ ಒಂದೇ: ಯಾವುದೇ ಆಗಲಿ, ಬಿಗಿಯಾಗಿರಬೇಕು. ಅವನ ಮಾತು ಕೇಳಿಯೇ ಹಲ್ಲುಮೇಸ್ತ್ರಿ ತನ್ನ ಎಂಜಿನ್ನನ್ನು ವಿಮಾನದ ಮೂಗಿನ ಪ್ಲೈವುಡ್ ಗೋಡೆಗೆ ಕಬ್ಬಿಣದ ಬೋಲ್ಟು ಹಾಕಿ, ಉಸಿರು ಕಟ್ಟಿ ತಿರುವಿ ಬಿಗಿದ. ಎಂಜಿನ್ನು ಹುಲ್ಲು ಕತ್ತರಿಸುವ ಯಂತ್ರದಿಂದ ಬಿಚ್ಚಿದ್ದು. ಒಂದೇ ಸಿಲಿಂಡರು, ಪೆಟ್ರೋಲು ಕುಡಿಯುತ್ತದೆ, ಶಕ್ತಿಗೇನೂ ಕಡಿಮೆಯಿಲ್ಲ. ಹುಲ್ಲಿನ ಜೊತೆ ಗುದ್ದಾಡಿದ ಹಳೆಯ ಸಿಟ್ಟು ಮಾತ್ರ ಇನ್ನೂ ಇಳಿದಿರಲಿಲ್ಲ.

ಮೊದಲ ಸಲ ಅದನ್ನು ಚಾಲೂ ಮಾಡಿದ್ದು ಮುಂದಿನ ಕೋಣೆಯಲ್ಲೇ. ಬಾಗಿಲು ಕಿಟಕಿ ತೆರೆದು, ವಿಮಾನವನ್ನು ಕೆಲಸದ ಮೇಜಿಗೆ ಬಿಗಿದು, ಮೂಗಿನ ಪಂಖ ತಿರುವಿದ. ಮೇಜನ್ನು ದವಡೆಗಳ ಹಲಗೆಯಿದ್ದ ಗೋಡೆಗೇ ಮೊಳೆ ಹೊಡೆದು ನಿಲ್ಲಿಸಿದ್ದಾನೆಂಬುದು ಆ ಗಳಿಗೆಯಲ್ಲಿ ಅವನಿಗೆ ನೆನಪಿರಲಿಲ್ಲ. ಎಂಜಿನ್ನು ಹತ್ತಿಕೊಂಡಿತು. ಮೇಜು ನಡುಗಿತು, ಗೋಡೆ ನಡುಗಿತು, ಹಲಗೆಗಳು ನಡುಗಿದವು. ಮೇಲಿನ ದವಡೆ ಕೆಳಗಿನ ದವಡೆ ಕೂಡಿಸಿ ತಂತಿಯ ಕೀಲಿಗೆ ಸಿಕ್ಕಿಸಿಟ್ಟ ಸೆಟ್ಟುಗಳೆಲ್ಲ ಒಮ್ಮೆಗೇ ಮಾತಾಡಲು ಶುರುಮಾಡಿದವು. ಕಟಕಟ ಕಟಕಟ. ಊರಿನ ಮುದುಕ ಮುದುಕಿಯರೆಲ್ಲ ಒಂದೇ ಕೋಣೆಯಲ್ಲಿ ಸೇರಿ ಒಬ್ಬರ ಮಾತು ಒಬ್ಬರು ಕೇಳದೆ ಜಗಳಕ್ಕೆ ಬಿದ್ದ ಹಾಗೆ. ಅತ್ತೆ ಅಡುಗೆಮನೆಯಿಂದ ಸೌಟು ಹಿಡಿದೇ ಬಂದರು. ಅಳಿಯ ಎಂಜಿನ್ನು ಆರಿಸುವಷ್ಟರಲ್ಲಿ ಅರ್ಧ ಊರು ಹಲಗೆಯಿಂದ ನೆಲಕ್ಕೆ ಇಳಿದಿತ್ತು.

"ಕೋತಿ ತಾನು ಕೆಡೋದಲ್ಲದೆ ವನಾನೆಲ್ಲಾ ಕೆಡಿಸ್ತಂತೆ," ಎಂದರು ಅತ್ತೆ ಸೌಟು ಇಳಿಸಿ. ಹೇಳಿದ್ದು ಎಂಜಿನ್ನಿಗೋ ತನಗೋ ಎಂದು ಅವನು ಕೇಳಲಿಲ್ಲ.

ಗಡಿಬಿಡಿಯಲ್ಲಿ ಎಲ್ಲವನ್ನೂ ಎತ್ತಿ ಜೋಡಿಸಿಟ್ಟ. ಕೆಲವು ದಿನಗಳ ನಂತರ ಡಾಕ್ಟರೊಬ್ಬರ ಫೋನು ಬಂತು.

"ಏನ್ರೀ ಇದು, ಎತ್ತು ಏರಿಗೆ ಎಳೆದ್ರೆ ಕೋಣ ನೀರಿಗೆ ಎಳೀತು ಅನ್ನೋ ಹಾಗಿದೆ ನಿಮ್ಮ ಸೆಟ್ಟು. ಮೇಲಿನ ಹಲ್ಲು ಇವರದೇ. ಕೆಳಗಿನದು ಯಾರದೋ."

"ಗಾಬರಿ ಬೇಡ ಡಾಕ್ಟ್ರೇ. ಕೆಳಗಿನದು ಯಾರದು ಅಂತ ನನಗೆ ಗೊತ್ತು."

"ಅವರಿಗೂ ಗೊತ್ತಾಗಿದೆ. ಇಬ್ಬರೂ ಇಲ್ಲೇ ಎದುರುಬದುರು ಕೂತಿದಾರೆ. ಮಾತಾಡ್ತಾ ಇಲ್ಲ."

ಅಷ್ಟಾದರೂ ಬುದ್ಧಿ ಬರಲಿಲ್ಲ. ಭಾನುವಾರ ಬೆಳಿಗ್ಗೆ ಫೈಟರನ್ನು ಕ್ಲಬ್ಬಿನ ಮೈದಾನಕ್ಕೆ ಒಯ್ದ. ಮೈದಾನವೆಂದರೆ ಊರಾಚೆಯ ಒಂದು ಬಯಲು. ಬಯಲಿನ ಒಂದು ಮಗ್ಗುಲಿಗೆ ಕೋಳಿ ಫಾರ್ಮು, ಉದ್ದುದ್ದ ತಗಡಿನ ಶೆಡ್ಡುಗಳು. ಬಯಲೂ ಫಾರ್ಮೂ ಒಬ್ಬಳೇ ಯಜಮಾನಿಯದು. ವಿಮಾನದವರು ಅಲ್ಲಿ ಹಾರಿಸಲಿ ಎಂದು ಅವಳ ಮಾವ ಬಾಯಿಮಾತಲ್ಲಿ ಹೇಳಿದ್ದನ್ನು ಅವಳು ಮುರಿದಿರಲಿಲ್ಲ, ಅಷ್ಟೇ.

ಫೈಟರ್ ಚೆಂದಾಗಿಯೇ ಏರಿತು. ಆದರೆ ಒಳಗೆ ಏನೇನು ನಡೆಯುತ್ತಿದೆಯೆಂಬುದು ಕೆಳಗೆ ನಿಂತವರಿಗೆ ಕಾಣುವುದಿಲ್ಲವಲ್ಲ. ಎಂಜಿನ್ನಿನ ಪ್ರತಿ ಏಟೂ ಬೋಲ್ಟಿನಿಂದ ಗೋಡೆಗೆ, ಗೋಡೆಯಿಂದ ಮೈಗೆ, ಮೈಯಿಂದ ರೆಕ್ಕೆಗೆ ಹೋಗುತ್ತಿತ್ತು. ಇಡೀ ವಿಮಾನ ತಮಟೆಯ ಚರ್ಮವಾಗಿತ್ತು. ಸದ್ದು ಎಂಥದೆಂದರೆ, ಪಕ್ಕದವನ ಕಿವಿಗೆ ಬಾಯಿಟ್ಟು ಹೇಳಿದರೂ ಅವನು 'ಹಾಂ?' ಎನ್ನಬೇಕು. ಮೊದಲು ಬಾಲದ ಒಂದು ಸ್ಕ್ರೂ ಕಳಚಿತು. ಆಮೇಲೆ ಪೈಲಟ್ಟಿನ ಬಾಯಿಂದ ಹಲ್ಲು ಒಂದೊಂದಾಗಿ ಉದುರಿ ಗಾಜಿನ ಗುಮ್ಮಟದೊಳಗೆ ಕುಣಿದಾಡಿದವು. ನಂತರ ಬ್ಯಾಟರಿಯ ಪ್ಲಗ್ಗು ಅಲುಗಿ ಅಲುಗಿ ಸಡಿಲವಾಯಿತು. ಕೈಯಲ್ಲಿದ್ದ ರಿಮೋಟಿನ ಮಾತನ್ನು ಕೇಳಬೇಕಾದ ರಿಸೀವರು ಒಂದು ಕ್ಷಣ ಕೇಳುತ್ತಿತ್ತು, ಒಂದು ಕ್ಷಣ ಕಿವುಡಾಗುತ್ತಿತ್ತು.

"ಎಡಕ್ಕೆ ತಗೋ," ಎಂದು ಕ್ಯಾಪ್ಟನ್ ಅಪ್ಪಣೆ ಕೊಟ್ಟ.

"ತಗೊಂಡಿದೀನಿ. ಅದು ತಗೋತಾ ಇಲ್ಲ."

ಫೈಟರ್ ತನ್ನ ಮನಸ್ಸಿಗೆ ಬಂದಂತೆ ಹೋಗಿ, ತಗಡಿನ ಶೆಡ್ಡುಗಳ ಮೇಲೆ ತಲೆಗೂದಲು ಸವರುವಷ್ಟು ತಗ್ಗಿನಲ್ಲಿ ಹಾದು, ಎಂಜಿನ್ನಿನಿಂದ ಕಳಚಿದ ಕೆಂಪಗೆ ಕಾದ ಸೈಲೆನ್ಸರನ್ನು ಅಲ್ಲಿ ಬಾಂಬಿನ ಹಾಗೆ ಬೀಳಿಸಿ, ಆಚೆಯ ಗೊಬ್ಬರದ ರಾಶಿಗೆ ಮೂಗು ಕೊಟ್ಟಿತು. ನಿಜವಾದ ಯುದ್ಧದಲ್ಲಿ ಏನಾಗುತ್ತದೋ, ಶೆಡ್ಡುಗಳಲ್ಲಿ ಅದೇ ಆಯಿತು. ಸಾವಿರಾರು ಕೋಳಿಗಳು ಒಂದೇ ಗಂಟಲಲ್ಲಿ ಕೂಗಿದವು.

ಯಜಮಾನಿ ಬಂದಳು. ಗಟ್ಟಿ ಆಳು, ಕಾಲಿಗೆ ರಬ್ಬರ್ ಬೂಟು. ಕೈಯಲ್ಲಿ ಬಟ್ಟೆ ಸುತ್ತಿ ಹಿಡಿದ ಸೈಲೆನ್ಸರು, ತಲೆಗೂದಲಲ್ಲಿ ಒಂದು ಬಿಳಿ ಪುಕ್ಕ. ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು ಎಂದು ಎಲ್ಲರಿಗೂ ಅನ್ನಿಸಿತು.

"ಇದು ಯಾರದು?"

ಕ್ಲಬ್ಬಿಗೆ ಕ್ಲಬ್ಬೇ ಒಂದು ಹೆಜ್ಜೆ ಹಿಂದೆ ಸರಿಯಿತು. ಸರಿಯದೆ ಉಳಿದವನು ಹಲ್ಲುಮೇಸ್ತ್ರಿ ಒಬ್ಬ.

"ನನ್ನದು. ಕೊಡಿ."

"ತಗೊಳ್ಳಿ. ಕೋಳಿ ಅಂದ್ರೆ ಏನು ಅನ್ಕೊಂಡಿದೀರಿ? ಬೆದರಿದ ಕೋಳಿ ಮೊಟ್ಟೆ ಇಡಲ್ಲ. ಇಟ್ರೂ ಸಿಪ್ಪೆ ಇಲ್ಲದ್ದು ಇಡುತ್ತೆ. ನಮ್ಮ ಮಾವನೋರ ಮಾತು ಅಂತ ಸುಮ್ಮನಿದ್ದೆ." ಅವಳು ಸುತ್ತ ಎಲ್ಲರನ್ನೂ ನೋಡಿದಳು. "ತಿಂಗಳ ಕೊನೇ ಭಾನುವಾರ ನಾನು ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕ್ಕೊಂಡು ಕೂತಿರ್ತೀನಿ. ಹಾರಿಸಿ. ನನ್ನ ಕೋಳಿ ತಲೆ ಎತ್ತಿದ್ರೆ, ಅವತ್ತಿಂದ ಈ ಬಯಲಿಗೆ ಬೇಲಿ."

ಅಂದು ಸಂಜೆ ಹಲ್ಲುಮೇಸ್ತ್ರಿ ಅರ್ಧಕ್ಕೇ ತಟ್ಟೆ ಸರಿಸಿ ಎದ್ದ. ತನ್ನ ವಿಮಾನ ಬಿದ್ದದ್ದಕ್ಕೆ ಅವನಿಗೆ ಅಷ್ಟು ದುಃಖವಿರಲಿಲ್ಲ. ಗೊಬ್ಬರ ಮೆತ್ತಗಿತ್ತು, ತೊಳೆದರೆ ಹೋಗುತ್ತಿತ್ತು. ವಾರವಿಡೀ ಅಂಗಡಿ, ಆಫೀಸು, ಮನೆ ಎಂದು ಏಗಿ ಒಂದು ಬೆಳಿಗ್ಗೆ ಬಯಲಿಗೆ ಬಂದು ಮಕ್ಕಳಂತೆ ಆಕಾಶ ನೋಡುವ ಅಷ್ಟು ಜನಕ್ಕೆ ತನ್ನಿಂದ ಆ ಬೆಳಿಗ್ಗೆಯೂ ತಪ್ಪಿಹೋಗುತ್ತದಲ್ಲ ಎಂಬುದೇ ಅವನ ಸಂಕಟ.

ಕ್ಯಾಪ್ಟನ್ ಮನೆಗೇ ಬಂದು ಪರಿಹಾರ ಹೇಳಿದ. "ಸಾಲ್ದು. ಇನ್ನೂ ಬಿಗಿಬೇಕು." ಪ್ಲೈವುಡ್ ಗೋಡೆಯನ್ನು ಇಮ್ಮಡಿ ದಪ್ಪ ಮಾಡಿ, ದಪ್ಪ ಬೋಲ್ಟು ಹಾಕಿ, ಇಬ್ಬರೂ ಸೇರಿ ಸ್ಪ್ಯಾನರಿಗೆ ಜೋತುಬಿದ್ದು ಬಿಗಿದರು. ಈ ಸಲ ವಿಮಾನವನ್ನು ಹಿತ್ತಲಲ್ಲಿ ಕಟ್ಟಿ ಚಾಲೂ ಮಾಡಿದರು. ಮೂಗು ಅಲ್ಲಾಡಲಿಲ್ಲ, ನಿಜ. ಆದರೆ ಅದರ ಪಾಲಿನದನ್ನೂ ಸೇರಿಸಿ ರೆಕ್ಕೆ ಅಲ್ಲಾಡಿತು. ಒಣಗಲು ಹಾಕಿದ್ದ ಸೀರೆಯೂ ಅಲ್ಲಾಡಿತು.

"ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ," ಎಂದು ಅತ್ತೆ ಹಿತ್ತಲ ಬಾಗಿಲಿಂದ ಶುರುಮಾಡಿದರು.

"ಇಲ್ಲ ಅಮ್ಮ," ಎಂದಳು ಹೆಂಡತಿ. ಅವಳು ಆಗಷ್ಟೇ ಆಸ್ಪತ್ರೆಯಿಂದ ಬಂದು, ಕೈಚೀಲ ಇನ್ನೂ ಹೆಗಲಲ್ಲಿರುವಂತೆಯೇ ನೋಡುತ್ತ ನಿಂತಿದ್ದಳು. "ಇಲ್ಲಿ ಕುಣಿಯೋದಕ್ಕೆ ಬರುತ್ತೆ. ನೆಲಾನೂ ಜೊತೆಗೆ ಕುಣಿಸ್ತಿದಾರೆ, ಅದೇ ತೊಂದರೆ."

ಕ್ಯಾಪ್ಟನ್ ಹೋದ ಮೇಲೆ ಅವಳು ಗಂಡನನ್ನು ಊಟದ ಮೇಜಿಗೆ ಕರೆದು ಕೂರಿಸಿ, ಚೀಲದಿಂದ ಟ್ಯೂನಿಂಗ್ ಫೋರ್ಕು ತೆಗೆದಳು. ಕಿವಿ ಪರೀಕ್ಷೆಗೆ ಬಳಸುವ, ಎರಡು ಕವಲಿನ ಉಕ್ಕಿನ ಕಡ್ಡಿ. ಮೊಣಕೈಗೆ ತಟ್ಟಿ ಗಾಳಿಯಲ್ಲಿ ಹಿಡಿದಳು.

"ಕೇಳಿಸ್ತಾ?"

"ಇಲ್ಲ."

"ಕೇಳಿಸಿದಾಗ ಕೈ ಎತ್ತಿ." ಮತ್ತೆ ತಟ್ಟಿ ಅದರ ಬುಡವನ್ನು ಮೇಜಿಗೆ ಊರಿದಳು. ಮೇಜು ಗುಂಯ್ ಎಂದು ಹಾಡಿತು. ಅವನ ಕೈ ತಾನಾಗಿ ಮೇಲೆ ಹೋಯಿತು. "ಈಗ ನೋಡಿ," ಎಂದು ಒಂದು ಟವೆಲು ಮಡಿಚಿ ಮೇಜಿನ ಮೇಲಿಟ್ಟು ಅದರ ಮೇಲೆ ಊರಿದಳು. ಮೇಜು ಬಾಯಿ ಮುಚ್ಚಿತು.

"ಕಡ್ಡಿ ಅದೇ, ಏಟೂ ಅಷ್ಟೇ. ಕೂಗ್ತಾ ಇದ್ದಿದ್ದು ಮೇಜು. ನಿಮ್ಮ ಎಂಜಿನ್ನು ಅಷ್ಟು ಕೂಗಲ್ಲ ರೀ. ನೀವು ಅದಕ್ಕೆ ಒಂದು ದೊಡ್ಡ ಮೇಜು ಕಟ್ಟಿಕೊಟ್ಟು, ರೆಕ್ಕೆ ಹಚ್ಚಿದೀರಿ."

ಹಲ್ಲುಮೇಸ್ತ್ರಿ ಟವೆಲನ್ನು ನೋಡಿದ, ಮೇಜನ್ನು ನೋಡಿದ. ಆಮೇಲೆ ಎದ್ದು ಮುಂದಿನ ಕೋಣೆಗೆ ಹೋದ. ಒಸಡು ನೋಯುವ ಗಿರಾಕಿಗಳ ಸೆಟ್ಟಿಗೆ ಒಳಗಡೆ ಹಚ್ಚುವ ಮೆತ್ತನೆಯ ಸಿಲಿಕೋನಿನ ಡಬ್ಬ ಅಲ್ಲಿತ್ತು. ಕಚ್ಚಿದ ಪೆಟ್ಟು ಎಲುಬಿಗೆ ನೇರ ತಾಗದಂತೆ ನಡುವೆ ಒಂದು ಮೆತ್ತೆ ಹಾಕುವ ಕೆಲಸವನ್ನು ಅವನು ಎಷ್ಟೋ ಬಾಯಿಗಳಿಗೆ ಮಾಡಿದ್ದ. ವಿಮಾನಕ್ಕೂ ಒಂದು ಒಸಡು ಬೇಕು ಎಂದು ಹೊಳೆದಿರಲಿಲ್ಲ, ಅಷ್ಟೇ.

ಹೊಳೆದದ್ದೇ ತಡ, ಅತಿ ಮಾಡಿದ. ಮೆತ್ತಗಿದ್ದಷ್ಟೂ ಒಳ್ಳೆಯದೆಂದು ದಪ್ಪದಪ್ಪ ಮೆತ್ತೆ ಎರಕ ಹೊಯ್ದು ಎಂಜಿನ್ನನ್ನು ಅದರ ಮೇಲೆ ಕೂರಿಸಿದ. ಚಾಲೂ ಮಾಡಿದಾಗ ಎಂಜಿನ್ನು, ಯಜಮಾನ ಮನೆಗೆ ಬಂದಾಗ ನಾಯಿ ಬಾಲ ಅಲ್ಲಾಡಿಸುವಂತೆ, ಇಡೀ ಮೈ ಅಲ್ಲಾಡಿಸಿತು. ನಿಧಾನಕ್ಕೆ ತಿರುಗುವಾಗಲಂತೂ ಅದರ ಸಂತೋಷ ತಡೆಯಲಾಗಲಿಲ್ಲ. ಎಂಜಿನ್ನಿನ ಮೇಲೆ ಹೊದಿಸಿದ್ದ ಚೆಂದದ ಮುಚ್ಚಳಕ್ಕೆ ಪಂಖ ತಾಗಿ, ಮುಚ್ಚಳ ಚೂರುಚೂರಾಗಿ ಹಿತ್ತಲ ತುಂಬ ಹಾರಿತು. ಒಂದು ಚೂರು ಅತ್ತೆಯ ಕಾಫಿ ಲೋಟಕ್ಕೆ ಬಿತ್ತು.

"ಬಿಗಿದ್ರೆ ನಡುಗುತ್ತೆ, ಬಿಟ್ರೆ ಕುಣಿಯುತ್ತೆ," ಎಂದರು ಅತ್ತೆ ಚೂರನ್ನು ಬೆರಳಿಂದ ತೆಗೆಯುತ್ತ. "ಮಕ್ಕಳ ಥರಾನೇ. ನಡುವೆ ಎಲ್ಲಾದ್ರೂ ನಿಲ್ಲಿಸಪ್ಪ."

ನಡುವೆ ಎಲ್ಲಿ ಎಂಬುದೇ ಪ್ರಶ್ನೆ. ಹಲ್ಲುಮೇಸ್ತ್ರಿ ಮೊದಲು ನಡುಕದ ಬೇರನ್ನು ಹುಡುಕಿ ಹೊರಟ. ಬೇರು ಪಂಖದಲ್ಲೂ ಇತ್ತು. ಪಂಖದ ನಡುವಿನ ತೂತಿಗೆ ಕಡ್ಡಿ ತೂರಿಸಿ, ಎದುರುಬದುರು ನಿಲ್ಲಿಸಿದ ಎರಡು ಬ್ಲೇಡುಗಳ ಅಂಚಿನ ಮೇಲೆ ಆ ಕಡ್ಡಿಯನ್ನಿಟ್ಟು ತೂಗಿ ನೋಡಿದರೆ ಪಂಖದ ಒಂದು ಎಸಳು ಯಾವಾಗಲೂ ಕೆಳಗೆ ಹೋಗಿ ನಿಲ್ಲುತ್ತಿತ್ತು. ಅದು ಭಾರ. ಹಗುರಾದ ಎಸಳಿಗೆ ಏನಾದರೂ ಒಂದಿಷ್ಟು ಬಳಿಯಬೇಕು. ಬಳಿಯಲು ಏನಿದೆ ಎಂದು ಹುಡುಕುತ್ತಿದ್ದಾಗ ಅತ್ತೆ ತಮ್ಮ ಪೆಟ್ಟಿಗೆಯಿಂದ ಉಗುರುಬಣ್ಣದ ಸೀಸೆ ತಂದುಕೊಟ್ಟರು. ಅತ್ತೆ ಉಗುರುಬಣ್ಣ ಹಚ್ಚುತ್ತಾರೆಂದು ಮನೆಯವರಿಗೆ ಗೊತ್ತಾದದ್ದೇ ಆಗ.

"ಕಾಲಿಗೆ," ಎಂದರು ಅವರು, ಯಾರೂ ಕೇಳದಿದ್ದರೂ. "ಕಾಲುಚೀಲದೊಳಗೆ."

ಒಂದು ಪದರ, ಒಣಗಿದ ಮೇಲೆ ಇನ್ನೊಂದು ಪದರ. ಕೊನೆಗೆ ಪಂಖ ಎಲ್ಲಿ ಬಿಟ್ಟರೆ ಅಲ್ಲೇ ನಿಂತಿತು. ಯುದ್ಧವಿಮಾನದ ಪಂಖದ ಒಂದು ತುದಿ ಮಾತ್ರ ಮದುಮಗಳ ಹಾಗೆ ಕೆಂಪಗಾಗಿತ್ತು.

ಆಮೇಲೆ ಮೆತ್ತೆಗಳು. ಮೆತ್ತನೆಯ ಸಿಲಿಕೋನಿಗೆ ಗಟ್ಟಿಯದನ್ನು ಬೇರೆಬೇರೆ ಪಾಲಿನಲ್ಲಿ ಬೆರೆಸಿ ಬಿಲ್ಲೆಗಳನ್ನು ಎರಕ ಹೊಯ್ದ. ಯಾವುದು ಎಷ್ಟು ಗಟ್ಟಿ ಎಂದು ಬೆರಳಿಂದ ಒತ್ತಿದರೆ ಎಲ್ಲವೂ ಒಂದೇ ಥರ. ಅತ್ತೆ ಸ್ವಲ್ಪ ಹೊತ್ತು ನೋಡಿದರು, ಆಮೇಲೆ ಒಂದು ಬಿಲ್ಲೆಯನ್ನು ಎತ್ತಿ ಬಾಯಿಗೆ ಹಾಕಿ ಕಚ್ಚಿದರು.

"ಅಯ್ಯೋ ಅಮ್ಮ," ಎಂದಳು ಮಗಳು.

"ನೀನು ಸುಮ್ನಿರೆ. ನಿನ್ನ ಗಂಡ ಮಾಡಿದ ಹಲ್ಲು, ನಿನ್ನ ಗಂಡ ಮಾಡಿದ ರಬ್ಬರು. ನಡುವೆ ನಿಂಗೇನು?" ಅವರು ಒಂದೊಂದನ್ನೂ ಕಚ್ಚಿ ಬೇರೆಬೇರೆ ಕಡೆ ಇಟ್ಟರು. "ಇದು ಹೊಸ ಚಪ್ಪಲಿ. ಇದು ಹಳೇ ಚಪ್ಪಲಿ. ಇದು ಮಳೇಲಿ ನೆಂದ ಚಪ್ಪಲಿ." ಆ ಬಾಯಿಗೆ ಚಪ್ಪಲಿಯ ಇಷ್ಟು ಪರಿಚಯ ಎಲ್ಲಿಂದ ಬಂತೆಂದು ಕೇಳುವ ಧೈರ್ಯ ಅಳಿಯನಿಗೆ ಇರಲಿಲ್ಲ. ಒಂದೊಂದು ರಾಶಿಯ ಬಿಲ್ಲೆಯನ್ನೂ ಎಂಜಿನ್ನಿಗೆ ಕಟ್ಟಿ ಓಡಿಸಿ ನೋಡಿದ. ಹೆಂಡತಿ ಆಸ್ಪತ್ರೆಯಿಂದ ಸದ್ದು ಅಳೆಯುವ ಮೀಟರು ಕೇಳಿ ತಂದು ಹಿತ್ತಲ ಗೋಡೆಗೆ ಆನಿಸಿಟ್ಟಳು. ಹಳೇ ಚಪ್ಪಲಿಯೇ ಗೆದ್ದಿತು. ಅಂಥ ನಾಲ್ಕು ಬಿಲ್ಲೆಗಳನ್ನು ಎಂಜಿನ್ನಿನ ನಾಲ್ಕು ಮೂಲೆಗೆ ಆದಷ್ಟು ದೂರದೂರ ಇಟ್ಟಾಗ ಎಂಜಿನ್ನು ತನ್ನ ಜಾಗದಲ್ಲೇ ಮೈ ಮುರಿಯುತ್ತಿತ್ತು, ಬಾಲ ಅಲ್ಲಾಡಿಸುತ್ತಿರಲಿಲ್ಲ.

ಆದರೂ ಮೀಟರಿನ ಮುಳ್ಳು ಅಂದುಕೊಂಡಷ್ಟು ಇಳಿಯಲಿಲ್ಲ. ಹೆಂಡತಿ ಕಣ್ಣು ಮುಚ್ಚಿ, ವಿಮಾನದ ಮೈಗೆ ಬೆರಳಿಟ್ಟು ಕೇಳಿದಳು. "ಇನ್ನೂ ಎಲ್ಲೋ ಸೋರ್ತಾ ಇದೆ," ಎಂದಳು. ನೋಡಿದರೆ ಸೈಲೆನ್ಸರು ಮುಚ್ಚಳಕ್ಕೆ ತಾಗಿಕೊಂಡಿತ್ತು; ಮುಂಬಾಗಿಲು ಹಾಕಿ ಹಿಂಬಾಗಿಲು ತೆರೆದಿಟ್ಟ ಹಾಗೆ ನಡುಕ ಅಲ್ಲಿಂದ ಒಳಗೆ ಹೋಗುತ್ತಿತ್ತು. ಹೊಸ ಮುಚ್ಚಳಕ್ಕೆ ಸುತ್ತ ಬೆರಳು ಹೋಗುವಷ್ಟು ಸಂದು ಬಿಟ್ಟ. ಎಂಜಿನ್ನಿನ ವೇಗ ಏರಿಸುವ ಗಟ್ಟಿ ಸರಳನ್ನು ತೆಗೆದು ಬಳುಕುವ ತಂತಿ ಹಾಕಿದ. ಸ್ಕ್ರೂಗಳಿಗೆಲ್ಲ ತೊಟ್ಟು ತೊಟ್ಟು ಅಂಟು ಬಿಟ್ಟ. ರಿಸೀವರನ್ನೂ ಬ್ಯಾಟರಿಯನ್ನೂ ಸ್ಪಂಜಿನಲ್ಲಿ ಸುತ್ತಿ, ಎಳೆಮಗುವನ್ನು ಮಲಗಿಸಿದಂತೆ ಮಲಗಿಸಿದ. ಅಷ್ಟಾದ ಮೇಲೆ ಮೀಟರಿನ ಮುಳ್ಳು ಕೆಳಗಿಳಿಯಿತು, ಹೆಂಡತಿಯ ಮುಖದಲ್ಲಿ ನಗು ಬಂತು. ಇಷ್ಟು ವರ್ಷಗಳಲ್ಲಿ ತನ್ನ ಯಾವ ಕೆಲಸಕ್ಕೂ ಅವಳು ಹಾಗೆ ನಕ್ಕದ್ದನ್ನು ಹಲ್ಲುಮೇಸ್ತ್ರಿ ನೋಡಿರಲಿಲ್ಲ. ಅವಳ ಹಲ್ಲಿನ ಸಾಲು ಎಷ್ಟು ಸರಿಯಾಗಿದೆಯೆಂದು ಮೊದಲು ಅನ್ನಿಸಿತು, ವೃತ್ತಿ ಬುದ್ಧಿ. ಅವಳು ಚೆಲುವೆ ಎಂಬುದು ಆಮೇಲೆ ನೆನಪಾಯಿತು.

ತಿಂಗಳ ಕೊನೆಯ ಭಾನುವಾರ ಯಜಮಾನಿ ಹೇಳಿದಂತೆ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿ ಕೂತಿದ್ದಳು. ಕ್ಲಬ್ಬಿನವರು ಮದುವೆಯ ಗಂಡಿನ ಕಡೆಯವರಂತೆ ಗುಂಪಾಗಿ ನಿಂತಿದ್ದರು. ಅತ್ತೆಯೂ ಬಂದಿದ್ದರು, ತಾವು ಕಚ್ಚಿದ ರಬ್ಬರು ಹಾರುವುದನ್ನು ನೋಡದೆ ಬಿಡುವವರಲ್ಲ ಅವರು. ಯಾರ ಅಪ್ಪಣೆಯೂ ಇಲ್ಲದೆ ಯಜಮಾನಿಯ ಪಕ್ಕಕ್ಕೆ ಇನ್ನೊಂದು ಕುರ್ಚಿ ತರಿಸಿಕೊಂಡು ಕೂತರು.

ಫೈಟರ್ ಏರಿತು. ಸದ್ದು ಇರಲೇ ಇಲ್ಲವೆಂದಲ್ಲ. ಪಂಖ ಗಾಳಿ ಕಡೆಯುವ ಮೊರೆತ, ಎಂಜಿನ್ನಿನ ಒಂದು ಗುನುಗು. ಆದರೆ ಆ ಹಳೆಯ ತಮಟೆ ಇರಲಿಲ್ಲ. ಬಯಲಿನ ಮೇಲೆ ಒಂದು ಸುತ್ತು, ಎರಡು ಸುತ್ತು. ಆಮೇಲೆ, ಪರೀಕ್ಷೆಯೆಂದರೆ ಪರೀಕ್ಷೆಯೇ ಎಂದು ಹಲ್ಲು ಕಚ್ಚಿ, ಶೆಡ್ಡಿನ ಕಡೆಗೇ ತಿರುಗಿಸಿದ. ವಿಮಾನದ ನೆರಳು ತಗಡಿನ ಮೇಲೆ ಜಾರಿಕೊಂಡು ಹೋಯಿತು. ಯಜಮಾನಿ ಬಾಗಿಲೊಳಗೆ ಕತ್ತು ಹಾಕಿ ನೋಡಿದಳು. ಕೋಳಿಗಳು ತಲೆ ತಗ್ಗಿಸಿ ಕಾಳು ಹೆಕ್ಕುತ್ತಿದ್ದವು. ಒಂದು ಮಾತ್ರ ಕತ್ತೆತ್ತಿತು.

"ಎತ್ತಿತು," ಎಂದಳು ಯಜಮಾನಿ.

"ನೀರು ಕುಡೀತಿದೆ," ಎಂದರು ಅತ್ತೆ. "ಕೋಳಿ ನೀರು ಕುಡಿದ್ಮೇಲೆ ಕತ್ತೆತ್ತದೆ ಇನ್ನೇನು ಮಾಡುತ್ತೆ? ನೀವು ಕೋಳಿ ಸಾಕಿದೋರು, ನಾನು ಹೇಳಿಕೊಡಬೇಕಾ?"

ಯಜಮಾನಿ ಆ ಕೋಳಿಯನ್ನೇ ದಿಟ್ಟಿಸಿದಳು. ಅದು ಮತ್ತೆ ಬಗ್ಗಿ ನೀರು ಕುಡಿದು ಮತ್ತೆ ಕತ್ತೆತ್ತಿತು. ಅವಳು ಕುರ್ಚಿಗೆ ಒರಗಿ ಕೂತಳು.

ಅಲ್ಲಿಗೇ ಬಿಟ್ಟಿದ್ದರೆ ಎಲ್ಲ ಸುಸೂತ್ರ. ಫೈಟರ್ ಇಳಿದು ಚಪ್ಪಾಳೆ ನಿಲ್ಲುವ ಮೊದಲೇ ಕ್ಯಾಪ್ಟನ್ನಿಗೆ ಹುರುಪು ಬಂದು, "ಕ್ಲಬ್ಬಿನ ಪರವಾಗಿ ಒಂದು ಸುತ್ತು" ಎಂದು ತನ್ನ ವಿಮಾನವನ್ನೂ ಎಬ್ಬಿಸಿದ. ಹಲ್ಲುಮೇಸ್ತ್ರಿ ತೋಳು ಹಿಡಿದು ತಡೆದರೂ ಕೇಳಲಿಲ್ಲ. ಬಿಗಿ ಎಂದರೆ ಬಿಗಿಯಾದ ವಿಮಾನ ಅದು. ಬಯಲ ತುದಿ ಮುಟ್ಟುವ ಮೊದಲೇ ಶೆಡ್ಡುಗಳಿಂದ ಹಾಹಾಕಾರ ಎದ್ದಿತು. ಯಜಮಾನಿ ಬೂಟು ಬಡಿಯುತ್ತ ಬಂದು ತೀರ್ಪು ಕೊಟ್ಟಳು.

"ಆ ಕಟ್ಟುಹಲ್ಲಿನೋರ ವಿಮಾನ ಹಾರಲಿ, ನಂದೇನೂ ಅಡ್ಡಿ ಇಲ್ಲ. ಮಿಕ್ಕಿದ್ದೆಲ್ಲ ನೆಲದ ಮೇಲೇ ನೋಡೋಕೆ ಚೆನ್ನಾಗಿದಾವೆ."

ಅಂದು ಮಧ್ಯಾಹ್ನ ಕ್ಯಾಪ್ಟನ್ ಹಲ್ಲುಮೇಸ್ತ್ರಿಯ ಬಾಗಿಲಲ್ಲಿ ನಿಂತಿದ್ದ. ಬಗಲಲ್ಲಿ ಗೋಣಿಚೀಲ, ಚೀಲದಿಂದ ಪೆಟ್ರೋಲಿನ ವಾಸನೆ.

"ನನ್ನ ವಿಮಾನಕ್ಕೇನೂ ಆಗಿಲ್ಲ," ಎಂದ. "ಸುಮ್ನೆ ನಿಮ್ಮನ್ನ ನೋಡ್ಕೊಂಡು ಹೋಗೋಣ ಅಂತ ಬಂದೆ. ಎಂಜಿನ್ನೂ ಜೊತೆಗೆ ಬರ್ತೀನಿ ಅಂತು."

"ಬನ್ನಿ, ಇಬ್ಬರೂ ಬನ್ನಿ," ಎಂದ ಹಲ್ಲುಮೇಸ್ತ್ರಿ. ಅವನಿಗೆ ನಗು ಬಂದಿತ್ತು, ನಗಲಿಲ್ಲ. ಸೋತು ಬಂದವನೆದುರು ಹಲ್ಲು ಬಿಡುವುದು ಅವನ ಜಾಯಮಾನವಲ್ಲ.

ಒಳಗೆ ಅತ್ತೆ ಬಿಲ್ಲೆಗಳ ರಾಶಿಯ ಮುಂದೆ ಕೂತು, ಕ್ಯಾಪ್ಟನ್ನನ ಎಂಜಿನ್ನನ್ನು ಕೈಯಲ್ಲಿ ತೂಗಿ, "ಇದು ಭಾರ. ಇದಕ್ಕೆ ಹೊಸ ಚಪ್ಪಲಿ ಬೇಕು" ಎಂದು ಒಂದನ್ನು ಕಚ್ಚಿ ನೋಡಿ ಕೊಟ್ಟರು. ಕ್ಯಾಪ್ಟನ್ ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಹಲ್ಲುಮೇಸ್ತ್ರಿಯ ಮುಖ ನೋಡಿದ. "ಒರೆಸಿ ಹಾಕ್ತೀವಿ," ಎಂದ ಹಲ್ಲುಮೇಸ್ತ್ರಿ.

ಕ್ಯಾಪ್ಟನ್ನನ ಹಿಂದೆ ಕ್ಲಬ್ಬಿಗೆ ಕ್ಲಬ್ಬೇ ಬಂತು. ಒಂದು ಕಡೆ ಎಂಜಿನ್ನುಗಳು, ಇನ್ನೊಂದು ಕಡೆ ದವಡೆಗಳು. ಡಾಕ್ಟರುಗಳಿಂದ ದಿನಾ ಫೋನು. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂಬ ಗಾದೆಯ ಎರಡನೆಯ ಅರ್ಧಕ್ಕೆ ಸೇರಿದವರು ಊರಲ್ಲಿ ಹೆಚ್ಚಾಗುತ್ತಿದ್ದರು. ಹೆಂಡತಿ ಒಂದು ದಿನ ಕೋಣೆಯ ನಡುವೆ ಸೀಮೆಸುಣ್ಣದಿಂದ ಗೆರೆ ಎಳೆದು, "ಈ ಕಡೆಯದು ಮುಗಿಯೋ ತನಕ ಆ ಕಡೆಯದು ಮುಟ್ಟಬಾರದು" ಎಂದಳು. ಆತ ಮುಟ್ಟಲಿಲ್ಲ. ಅತ್ತೆ ಮುಟ್ಟಿದರು.

ಯಜಮಾನಿಯೂ ಬಂದಳು. ಅವಳ ಫಾರ್ಮಿನಲ್ಲಿ ಮೊಟ್ಟೆಗಳನ್ನು ಗಾತ್ರ ನೋಡಿ ಬೇರೆ ಮಾಡುವ ಯಂತ್ರವೊಂದಿತ್ತು. ಅದೂ ನಡುಗಿ ನಡುಗಿ ಮೊಟ್ಟೆ ಬಿರುಕು ಬಿಡಿಸುತ್ತಿತ್ತು. "ನಿಮ್ಮ ಒಸಡು ಇದಕ್ಕೂ ಆಗುತ್ತಾ?" ಎಂದಳು. ಹಲ್ಲುಮೇಸ್ತ್ರಿ ಹೋಗಿ ಯಂತ್ರದ ಕಾಲಿಗೆಲ್ಲ ಬಿಲ್ಲೆ ಹಾಕಿಬಂದ. ಅಲ್ಲಿಂದ ಮುಂದೆ ಭಾನುವಾರವಷ್ಟೇ ಅಲ್ಲ, ಬೇಕೆನಿಸಿದ ಸಂಜೆಯೆಲ್ಲ ಬಯಲಿನ ಗೇಟು ಅವನಿಗೆ ತೆರೆದಿರುತ್ತಿತ್ತು.

ಅಂಥದೊಂದು ಸಂಜೆ ಅವನು ಹೆಂಡತಿಯನ್ನೂ ಕರೆದುಕೊಂಡು ಹೋದ. ಬೇರೆ ಯಾರೂ ಇರಲಿಲ್ಲ. ಫೈಟರನ್ನು ಏರಿಸಿ, ಮೇಲೆ ಗಾಳಿ ಸಮವಾಗಿರುವ ಎತ್ತರಕ್ಕೆ ಒಯ್ದು, "ಹಿಡೀತೀಯಾ?" ಎಂದು ರಿಮೋಟು ಚಾಚಿದ. ಅವಳು ಬೇಡವೆನ್ನುತ್ತಾಳೆಂದುಕೊಂಡಿದ್ದ. ಅವಳು ಚೀಲ ಕೆಳಗಿಟ್ಟು ತೆಗೆದುಕೊಂಡಳು.

"ಯಾವ ಕಡ್ಡಿ ಯಾವುದಕ್ಕೆ?"

ಹೇಳಿಕೊಟ್ಟ. ಮೊದಲು ಅವನ ಕೈ ಅವಳ ಕೈಯ ಮೇಲಿತ್ತು; ಸ್ವಲ್ಪ ಹೊತ್ತಿಗೆ ಅವಳು ಮೊಣಕೈಯಿಂದ ಅದನ್ನು ಮೆಲ್ಲಗೆ ತಳ್ಳಿದಳು. ವಿಮಾನ ದೊಡ್ಡದೊಂದು ಸುತ್ತು ಹಾಕಿತು. ಅವಳು ನೋಡುವುದಕ್ಕಿಂತ ಹೆಚ್ಚು ಕೇಳುತ್ತಿದ್ದಳು. ಎಂಜಿನ್ನಿನ ದನಿ ಚೂರು ತಗ್ಗಿದರೆ ಸಾಕು, ಮೂಗು ಏರುತ್ತಿದೆಯೆಂದು ತಿಳಿದು, ಅವನು ಬಾಯಿ ತೆರೆಯುವ ಮೊದಲೇ ಸರಿಮಾಡುತ್ತಿದ್ದಳು. ಅವನಿಗೆ ಒಂದು ವರ್ಷ ಹಿಡಿದದ್ದು ಇದು.

"ಸಾಕು, ಕೊಡು. ಇಳಿಸೋದು ಕಷ್ಟ," ಎಂದ.

"ಪೆಟ್ರೋಲು ಇದೆಯಾ?"

"ಇದೆ."

"ಮತ್ತೆ?"

ಹಲ್ಲುಮೇಸ್ತ್ರಿ ಖಾಲಿ ಕೈಗಳನ್ನು ಏನು ಮಾಡುವುದೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡ. ಅವಳು ಇನ್ನೂ ಒಂದು ಸುತ್ತಿಗೆಂದು ವಿಮಾನವನ್ನು ಸೂರ್ಯನ ಕಡೆ ತಿರುಗಿಸಿದಳು.